ರೊಟ್ಟಿ ಸಂಘದ ಪ್ಲ್ಯಾನು ತರಲು ಹೋದ ಶಿವಪುತ್ರ

ಊಟ ಆದವರು ಹತ್ತಿರ ಬನ್ನಿ, ಆಗದವರು ಸ್ವಲ್ಪ ದೂರ ಕೂತುಕೊಳ್ಳಿ. ಈ ಕತೆಯಲ್ಲಿ ರೊಟ್ಟಿ ಬಹಳ ಬರುತ್ತದೆ, ಹಸಿದ ಹೊಟ್ಟೆಯಲ್ಲಿ ಕೇಳುವುದು ಕಷ್ಟ.

ಸಿಂದಗಿಯಲ್ಲಿ ಕಾಶವ್ವ ಅಂತ ಒಬ್ಬಳು ತಾಯಿ. ಅವಳಿಗೆ ಶಿವಪುತ್ರ ಅಂತ ಒಬ್ಬನೇ ಮಗ. ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಬಡಿದು ಮಗನನ್ನು ಬೆಳೆಸಿದಳು. ಮಗ ಬೆಳೆದ. ಎತ್ತರಕ್ಕೆ ಬೆಳೆದ, ಅಗಲಕ್ಕೆ ಬೆಳೆದ, ಮೀಸೆಯೂ ಬೆಳೆಯಿತು. ಬುದ್ಧಿ ಮಾತ್ರ ಹೊರಟ ಜಾಗದಲ್ಲೇ ನಿಂತಿತ್ತು. ಹಾಗಂತ ಕೆಟ್ಟವನಲ್ಲ. ಹೇಳಿದ ಮಾತು ಮೀರುವವನೇ ಅಲ್ಲ. ಅದೇ ತೊಂದರೆ! ಒಮ್ಮೆ ಪೆಂಡಾಲು ಹಾಕುವವನ ಹತ್ತಿರ ಕೆಲಸಕ್ಕೆ ಬಿಟ್ಟಳು. "ಈ ಕಂಬ ಹಿಡ್ಕೊಂಡು ನಿಲ್ಲು, ಬಿಡಬ್ಯಾಡ" ಅಂದ ಅವನು. ಮದುವೆ ಮುಗಿಯಿತು. ಪೆಂಡಾಲು ಬಿಚ್ಚಿದರು. ಬಟ್ಟೆ ಮಡಚಿದರು. ಗಾಡಿ ಹೊರಟೇ ಹೋಯಿತು. ಶಿವಪುತ್ರ ಬಟಾಬಯಲಿನಲ್ಲಿ ಕಂಬ ಹಿಡಿದು ನಿಂತೇ ಇದ್ದ. ಕಾಶವ್ವನೇ ಹೋಗಿ "ಬಿಡೋ ನನ್ನಪ್ಪಾ" ಅಂದ ಮೇಲೆ ಬಿಟ್ಟ.

ಕಾಶವ್ವನ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಒಂದು ರೊಟ್ಟಿ ಸಂಘ ಮಾಡಿಕೊಂಡಿದ್ದರು. ಮನೆಮನೆಯಲ್ಲಿ ಖಡಕ್ ರೊಟ್ಟಿ ಬಡಿಯುವುದು. ಖಾನಾವಳಿಗೆ, ಹಾಸ್ಟೆಲ್ಲಿಗೆ, ಮದುವೆ ಮನೆಗೆ ಕಳಿಸುವುದು. ರೊಟ್ಟಿ ಏನೋ ಚೆನ್ನ, ವ್ಯವಸ್ಥೆ ಮಾತ್ರ ದೇವರಿಗೇ ಪ್ರೀತಿ. ಹಾಸ್ಟೆಲ್ಲಿನ ರೊಟ್ಟಿ ಖಾನಾವಳಿಗೆ ಹೋಗುತ್ತಿತ್ತು, ಖಾನಾವಳಿಯದು ಮದುವೆಗೆ ಹೋಗುತ್ತಿತ್ತು, ಮದುವೆಯದು ಎಲ್ಲಿಗೂ ಹೋಗುತ್ತಿರಲಿಲ್ಲ! ಹೋದ ಸೀಸನ್ನಿನಲ್ಲಿ ಒಂದು ಮದುವೆಯ ಬೀಗರು ಬರೀ ಪಲ್ಯ ತಿಂದು ಎದ್ದರು. ಸಂಘದ ಅಧ್ಯಕ್ಷೆ ಬಂಗಾರೆವ್ವ ಆ ಮನೆಯ ಮುಂದೆ ಹಾಯಲಾರದೆ ಇವತ್ತಿಗೂ ಸುತ್ತು ಹಾಕಿ ಸಂತೆಗೆ ಹೋಗುತ್ತಾಳೆ.

ಅದೇ ಊರಿನಲ್ಲಿ, ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ, ಮಹಾನಂದಾ ಅನ್ನುವಾಕೆ ಸಣ್ಣದೊಂದು ಸಾಫ್ಟ್‌ವೇರ್ ಆಫೀಸು ಇಟ್ಟಿದ್ದಳು. ಸಂಘದವರು ಅವಳನ್ನು ಕರೆಸಿದರು. ಅವಳು ಎಲ್ಲ ಕೇಳಿ ಹೇಳಿದಳು: "ಇದಕ್ಕ ಮೂರು ಬಾಗಿಲಿನ ಮನಿ ಕಟ್ಟಬೇಕ್ರಿ. ಸಂಘದ ಆಫೀಸಿನ ಕಂಪ್ಯೂಟರಿನಾಗ ಗುಮಾಸ್ತಗ ಒಂದು ಬಾಗಿಲು. ಆರ್ಡರ್ ಕೊಡೋರಿಗೆ ವೆಬ್‌ಸೈಟಿನಾಗ ಒಂದು ಬಾಗಿಲು. ರೊಟ್ಟಿ ಬಡಿಯೋ ನಿಮಗ ಮೊಬೈಲಿನಾಗ ಒಂದು ಬಾಗಿಲು. ಆದ್ರ ಕಟ್ಟೂಕಿಂತ ಮೊದಲು ಪ್ಲ್ಯಾನು ಬೇಕು. ಯಾರಿಗೆ ಏನು ಬೇಕು ಅಂತ ಅವರಿದ್ದಲ್ಲೇ ಹೋಗಿ ತಿಳ್ಕೊಂಡು ಬರಬೇಕು. ನನ್ನ ಆಫೀಸಿನ ಹುಡುಗರು ಕುರ್ಚಿ ಬಿಟ್ಟು ಏಳಂಗಿಲ್ಲ. ಬಿಸಿಲಾಗ ತಿರುಗೋರು ಯಾರರ ಅದಾರೇನು?"

ಕಾಶವ್ವ ದಡಕ್ಕನೆ ಎದ್ದಳು. "ನನ್ನ ಮಗ ಅದಾನ್ರೀ! ಹೇಳಿದ್ದು ಒಂದು ಮೀರಂಗಿಲ್ಲ!"

ಸಭೆ ಗೊಳ್ಳೆಂದಿತು. ಬಂಗಾರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಾರು? ಕಂಬ ಹಿಡಿದು ನಿಂತಾವಲ್ಲ, ಅವನ?" ಅಂದಳು.

ಕಾಶವ್ವನಿಗೆ ಉರಿದುಹೋಯಿತು. "ಅವನ! ನನ್ನ ಮಗನಿಂದ ಈ ಕೆಲಸ ಕೆಟ್ಟರ ನಾ ಸಂಘ ಬಿಟ್ಟು ಹೋಗ್ತೀನಿ, ತಗೋರಿ!"

ಅಂದುಬಿಟ್ಟಳು. ಅಂದ ಮೇಲೆ ಲೆಕ್ಕ ಹಾಕಿದಳು. ಸಂಘ ಬಿಟ್ಟರೆ ಅವಳ ರೊಟ್ಟಿ ಕೊಳ್ಳುವವರು ಯಾರು? ಒಲೆ ಹೊತ್ತುವುದು ಹೇಗೆ? ಆದರೆ ನಾಲ್ಕು ಜನರ ಮುಂದೆ ಆಡಿದ ಮಾತು, ನುಂಗುವಂತಿಲ್ಲ. ಮಹಾನಂದಾ ಶಿವಪುತ್ರನನ್ನು ಕರೆಸಿ ನೋಡಿದಳು. ಅವನು ಬರೆದದ್ದನ್ನು ಅವನೇ ಓದಲಾರ. ಆದರೆ ನೋಡಿದ್ದು, ಕೇಳಿದ್ದು ಒಂದೂ ಮರೆಯುತ್ತಿರಲಿಲ್ಲ. ಗಿಳಿಯ ಹಾಗೆ ಒಪ್ಪಿಸುತ್ತಿದ್ದ. "ಇಷ್ಟು ಸಾಕು" ಅಂದಳು ಆಕೆ. ಕಾಶವ್ವ ಮನಸ್ಸಿನಲ್ಲೇ ಆಕೆಗೆ ಕೈ ಮುಗಿದಳು.

ಮೊದಲು ಕಂಪ್ಯೂಟರಿನ ಬಾಗಿಲು. ಸಂಘದ ಗುಮಾಸ್ತ ಮಲಕಪ್ಪ. "ಹೋಗಿ ಮಲಕಪ್ಪನ ಬಾಜೂಕ ಕೂಡು" ಅಂದಳು ಮಹಾನಂದಾ. "ಮುಂಜಾನಿಂದ ಸಂಜೀತನಕ ಅವನು ಏನೇನು ಮಾಡ್ತಾನ ನೋಡು. ಒಂದೂ ಬಿಡಬ್ಯಾಡ."

"ಒಂದೂ ಬಿಡಂಗಿಲ್ರೀ ಮೇಡಂ!"

ಬಿಡಲಿಲ್ಲ. ಮಲಕಪ್ಪ ಕೂತರೆ ಇವನು ಕೂತ, ಎದ್ದರೆ ಎದ್ದ. ಮಲಕಪ್ಪ ನೀರು ಕುಡಿಯಲು ಹೋದರೆ ಹಿಂದೆಯೇ ಹೋಗಿ ಗುಟುಕು ಗುಟುಕು ನೋಡಿದ. ಮಲಕಪ್ಪ ಹಿತ್ತಲಿನ ಕಡೆ ಹೋಗಿ ಚಿಲಕ ಹಾಕಿಕೊಂಡ. ಶಿವಪುತ್ರ ಬಾಗಿಲು ತಟ್ಟಿದ.

"ಯಾರವ್ರು?"

"ನಾನ್ರೀ! ಒಳಗ ಏನು ಮಾಡಾಕತ್ತೀರಿ? ಕಾಣವಲ್ದು!"

ಮಲಕಪ್ಪ ಚೊಂಬು ಹಿಡಿದು ಓಣಿಯ ತುದಿಯ ತನಕ ಅಟ್ಟಿಸಿಕೊಂಡು ಬಂದ. ಶಿವಪುತ್ರ ಓಡುತ್ತಲೇ ಹಿಂದೆ ತಿರುಗಿ ನೋಡಿದ, ಅದನ್ನೂ ಬಿಡಬಾರದಲ್ಲ! ಸಂಜೆ ಮಹಾನಂದಾಗೆ ಒಪ್ಪಿಸಿದ. "ಬಂದ. ಕೂತ. ಕಂಪ್ಯೂಟರ್ ಹಚ್ಚಿದ. ಹತ್ತಲಿಲ್ಲ. ಬೆನ್ನಿಗೊಂದು ಹೊಡದ. ಹತ್ತಿತು. ನಶ್ಯ ಏರಿಸಿದ. ಸೀನಿದ. ಹಾಸ್ಟೆಲ್ ಆರ್ಡರ್ ಹಾಕಿದ. ಮತ್ತ ಸೀನಿದ. ಆರ್ಡರ್ ಎಲ್ಲಿ ಹೋತು ಅಂತ ಹುಡುಕಿದ. ಚೊಂಬು ಹಿಡಕೊಂಡು ಓಡಿದ."

ಮಹಾನಂದಾಗೆ ನಗು ತಡೆಯಲಾಗಲಿಲ್ಲ. ಕಾಶವ್ವನಿಗೆ ಮಾತ್ರ ಸುದ್ದಿ ಮುಟ್ಟಿದ್ದು ಮಲಕಪ್ಪನ ಹೆಂಡತಿಯ ಬಾಯಿಂದ.

"ಅಯ್ಯ ನನ್ನ ಹಣೇಬರಹನ!" ಅಂತ ಕಾಶವ್ವ ಹಣೆ ಬಡಿದುಕೊಂಡಳು. "ಕೆಲಸ ಮಾಡೋರ ಮೈಮ್ಯಾಲೆ ಬಿದ್ದು ನೋಡ್ತಾರೇನೋ ಹುಚ್ಚಪ್ಪಾ? ದೂರ ನಿಂತು ಮಾತಾಡಿಸಬೇಕು. 'ಏನು ಬೇಕ್ರೀ' ಅಂತ ಕೇಳಬೇಕು. ಏನು ಬೇಕಂತಾರ ಅದಕ್ಕ 'ಆತ್ರೀ' ಅನಬೇಕು. ತಿಳೀತೇನು?"

"ತಿಳೀತವ್ವಾ. ಹಂಗ ಮಾಡ್ತೀನವ್ವಾ."

ಹಾಗೇ ಮಾಡಿದ. ಮರುದಿನ ವೆಬ್‌ಸೈಟಿನ ಬಾಗಿಲು. ಆರ್ಡರ್ ಕೊಡುವವರಲ್ಲಿ ಸಂಗಯ್ಯನ ಖಾನಾವಳಿಯೇ ದೊಡ್ಡದು. ಶಿವಪುತ್ರ ಹೋದ. ದೂರ ನಿಲ್ಲಬೇಕಲ್ಲ? ರಸ್ತೆಯ ಆಚೆ ನಿಂತ. ನಿಂತು ಬಾಯಿಗೆ ಕೈ ಹಚ್ಚಿ ಕೂಗಿದ: "ಏನು ಬೇಕ್ರೀ?"

ಊಟಕ್ಕೆ ಕೂತವರು ಖಾನಾವಳಿಗೆ ಹೊಸ ಹುಡುಗ ಬಂದಿದ್ದಾನೆ ಅಂದುಕೊಂಡರು.

"ಉಳ್ಳಾಗಡ್ಡಿ ತಾರೋ!"

"ಆತ್ರೀ!"

"ನನಗ ಮಜ್ಜಿಗಿ!"

"ಆತ್ರೀ!"

ಸಂಗಯ್ಯ ದುಡ್ಡಿನ ಗಲ್ಲೆಯ ಹಿಂದಿನಿಂದ ಎದ್ದು ಬಂದು ನೋಡಿದ. ಕಾಶವ್ವನ ಮಗ. ಸಂಗಯ್ಯನೂ ತಮಾಷೆಯ ಮನುಷ್ಯ. "ನನಗೇನು ಬೇಕಂತೀ? ಈ ಫ್ಯಾನು ಕಿರ್ ಅಂತೈತಿ, ಅದು ನಿಂದರಬೇಕು!"

"ಆತ್ರೀ!"

"ನನ್ನ ತಮ್ಮಗ ಹೆಣ್ಣು ಬೇಕು!"

"ಆತ್ರೀ!"

"ಹೆಣ್ಣು ಬಳ್ಳಾರಿ ಕಡೇದಿರಬಾರದು, ದೂರ ಆಗ್ತೈತಿ!"

"ಆತ್ರೀ!"

ಮಹಾನಂದಾ ಪ್ಲ್ಯಾನು ಬರೆಯಲು ಕೂತಳು. ಶಿವಪುತ್ರ ಒಪ್ಪಿಸಿದ. "ವೆಬ್‌ಸೈಟಿನಾಗ ಉಳ್ಳಾಗಡ್ಡಿ ಬೇಕ್ರೀ. ಮಜ್ಜಿಗಿ ಬೇಕ್ರೀ. ಫ್ಯಾನು ಕಿರ್ ಅನಬಾರದ್ರೀ. ಒಂದು ಹೆಣ್ಣು ಬೇಕ್ರೀ, ಬಳ್ಳಾರಿದು ಬ್ಯಾಡ್ರೀ."

"ವೆಬ್‌ಸೈಟಿನಾಗ ಹೆಣ್ಣು ಎಲ್ಲಿಂದ ತರ್ಲೋ ಶಿವಪುತ್ರಾ!"

"ನಾ ಆತ್ರೀ ಅಂದುಬಿಟ್ಟೀನ್ರೀ ಮೇಡಂ."

ಆ ಸಂಜೆ ಮಹಾನಂದಾ ತಾನೇ ಸಂಗಯ್ಯನ ಹತ್ತಿರ ಹೋಗಿ ಕೇಳಿಕೊಂಡು ಬರಬೇಕಾಯಿತು. ಸಂಗಯ್ಯನ ತಮ್ಮ ಆಗಲೇ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಹೆಣ್ಣು ಯಾವಾಗ ಬರುತ್ತೆ ಅಂತ ಬಾಗಿಲಲ್ಲಿ ನಿಂತಿದ್ದ. ಕಾಶವ್ವನಿಗೆ ತಲೆ ಎತ್ತಲಾಗಲಿಲ್ಲ.

"ಅಯ್ಯ ನನ್ನ ಖೋಡಿ ಮಗನ! ಎಲ್ಲಾದಕ್ಕೂ ಆತ್ರೀ ಅಂತಾರೇನೋ? ಮಂದಿ ಬಾಯಿಗೆ ಬಂದದ್ದು ಕೇಳ್ತಾರ. ಮೊದಲು 'ಆಗಂಗಿಲ್ಲ' ಅನಬೇಕು. ಅಂದು ಎದ್ದು ಹೊಂಡಬೇಕು. ಹೊಂಟಾವನ್ನ ಬಾಗಿಲದಿಂದ ವಾಪಸ್ ಕರದು ಮತ್ತ ಕೇಳಿದ್ರ, ಆವಾಗ ಅದು ಖರೇ ಬೇಕಾದದ್ದು. ಅದನ್ನಷ್ಟ ತಲ್ಯಾಗ ಇಟ್ಕೋ. ತಿಳೀತೇನು?"

"ತಿಳೀತವ್ವಾ. ಹಂಗ ಮಾಡ್ತೀನವ್ವಾ."

ಹಾಗೇ ಮಾಡಿದ. ಮೂರನೆಯದು ಮೊಬೈಲಿನ ಬಾಗಿಲು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಮನೆಮನೆಗೆ ಹೋಗಬೇಕು. ಮೊದಲನೆಯದೇ ಅಧ್ಯಕ್ಷೆ ಬಂಗಾರೆವ್ವನ ಮನೆ. ಆಕೆ ಒಲೆಯ ಮುಂದೆ ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ, ಮೊಳಕೈ ತನಕ ಹಿಟ್ಟು.

"ಬಾರೋ ತಮ್ಮಾ, ಒಳಗ ಬಾ."

"ಆಗಂಗಿಲ್ಲ!"

ಬಂಗಾರೆವ್ವ ಕಣ್ಣು ಅಗಲಿಸಿದಳು. "ಬಿಸಿಲಾಗ ಬಂದೀಯಪಾ. ಚಾ ಮಾಡ್ತೀನಿ, ಕುಡಿ."

"ಆಗಂಗಿಲ್ಲ!"

ಕೇಳಿದಿರಾ? ಬಂಗಾರೆವ್ವನ ಮನೆಯ ಚಹಾಕ್ಕೆ ಆಗಂಗಿಲ್ಲ ಅಂದ! ಆ ಕಡೆಯ ಊರುಗಳಲ್ಲಿ ಬೈದರೂ ತಡೆದುಕೊಳ್ಳುತ್ತಾರೆ, ಚಹಾ ಬೇಡ ಅಂದರೆ ತಡೆದುಕೊಳ್ಳುವುದಿಲ್ಲ. ಮನೆಗೆ ಬಂದವನು ಚಹಾ ಮುಟ್ಟದೆ ಹೋದನೆಂದರೆ ಆ ಮನೆಯಲ್ಲಿ ಏನೋ ಕೊರತೆ ಕಂಡ ಅಂತಲೇ ಲೆಕ್ಕ. ಬಂಗಾರೆವ್ವನ ಮುಖ ಹಂಚಿನಷ್ಟೇ ಕಾದಿತು.

ಶಿವಪುತ್ರ ಹೊಸಲಿನಿಂದಲೇ ತಿರುಗಿ ಹೊರಟೇಬಿಟ್ಟ. ಬಾಗಿಲು ಬಿಡುವಾಗ ಬಂಗಾರೆವ್ವ ಹಿಟ್ಟಿನ ಕೈ ಎತ್ತಿ ಕೂಗಿದಳು: "ಏ ನಿಲ್ಲೋ! ಚಾ ಬ್ಯಾಡಾದ್ರ ಬಿಡು. ಮೊಬೈಲು ಅಂತೀರಲ್ಲ, ಈ ಕೈ ನೋಡು! ಹಿಟ್ಟಾಗಿರತಾವ. ಹೆಂಗ ಒತ್ತೂದು? ಅದು ಬಾಯಿಲೆ ಹೇಳ್ಲಿ, ನಾವೂ ಬಾಯಿಲೆ ಹೇಳ್ತೀವಿ. ಹೇಳು ನಿಮ್ಮ ಮೇಡಂಗ!"

ಬಾಗಿಲಿನಿಂದ ವಾಪಸ್ ಕರೆದಳಲ್ಲ? ಅದನ್ನು ತಲೆಯಲ್ಲಿ ಇಟ್ಟುಕೊಂಡ. ಮುಂದಿನ ಮನೆಗೆ ಹೋದ. "ಕೂಡಪಾ." "ಆಗಂಗಿಲ್ಲ!" "ಚಾ?" "ಆಗಂಗಿಲ್ಲ!" ತಿರುಗಿದ, ಹೊರಟ. "ಏ ನಿಲ್ಲೋ! ಕೈ ಹಿಟ್ಟಾಗಿರತಾವ..." ಅದರ ಮುಂದಿನ ಮನೆಗೆ ಹೋದ. "ಚಾ?" "ಆಗಂಗಿಲ್ಲ!" "ಏ ನಿಲ್ಲೋ!" ಓಣಿ ಮುಗಿಯಿತು. ಒಂದೂ ಮನೆಯ ಚಹಾ ಕುಡಿಯಲಿಲ್ಲ, ಒಂದೂ ಮನೆಯ ಹೊಸಲು ದಾಟಿ ಒಳಗೆ ಕೂರಲಿಲ್ಲ.

ಮಹಾನಂದಾಗೆ ಹೋಗಿ ಏನು ಒಪ್ಪಿಸಿದನೋ ಕಾಶವ್ವನಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಅವಳ ಅಂಗಳದಲ್ಲಿ ನಿಂತಿದ್ದರು.

"ನಮ್ಮ ಮನೀ ಚಾ ನಿನ್ನ ಮಗಗ ಹೇಸಿಗಿ ಏನ ಕಾಶವ್ವಾ?"

"ಸಾಫ್ಟ್‌ವೇರ್ ಆಫೀಸಿಗೆ ಹ್ವಾದ್ನೆಂದ್ರ ಇಷ್ಟು ಸೊಕ್ಕೇನು?"

ಬಂಗಾರೆವ್ವ ಬರಲೇ ಇಲ್ಲ. ಬಂದು ಬೈದಿದ್ದರೆ ಕಾಶವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಬಾರದಿದ್ದದ್ದೇ ಭಯವಾಯಿತು. ಮರುದಿನವೇ ಸಭೆ. ಪ್ಲ್ಯಾನಿಗೆ ಒಪ್ಪಿಗೆ ಕೊಡುವುದೋ ಬಿಡುವುದೋ ಬಂಗಾರೆವ್ವನ ಬಾಯಲ್ಲಿತ್ತು. ತನ್ನ ರೊಟ್ಟಿ ಹಂಚನ್ನು ಇನ್ನು ಗೋಡೆಗೆ ಆನಿಸಿ ಇಡಬೇಕಾಗುತ್ತದೆ ಅಂತ ಕಾಶವ್ವನಿಗೆ ಅಳುವೇ ಬಂತು.

"ಅಯ್ಯ ನನ್ನ ಮುಗ್ಧ ಮಗನ, ಏನು ಮಾಡ್ಲೋ ನಿನ್ನ! ಕೊಟ್ಟದ್ದನ್ನ ಆಗಂಗಿಲ್ಲ ಅಂತಾರೇನೋ? ಯಾರು ಏನು ಕೈಗೆ ಕೊಟ್ರೂ ಎರಡೂ ಕೈಲೆ ತಗೋಬೇಕು. ಕಣ್ಣಿಗೆ ಒತ್ಕೋಬೇಕು. ತುಣುಕು ಬಿಡದಂಗ ತಿನಬೇಕು. 'ಚಲೋ ಆಗೇತ್ರೀ' ಅನಬೇಕು. ತಿಳೀತೇನು?"

"ತಿಳೀತವ್ವಾ. ಹಂಗ ಮಾಡ್ತೀನವ್ವಾ."

ಸಭೆ ಕೂಡಿತು. ಗುಮಾಸ್ತ ಮಲಕಪ್ಪ ಬಂದ, ಖಾನಾವಳಿಯ ಸಂಗಯ್ಯ ಬಂದ, ಓಣಿಯ ಹೆಣ್ಣುಮಕ್ಕಳೆಲ್ಲ ಬಂದರು. ಬಂಗಾರೆವ್ವ ಸಭೆಯ ಊಟಕ್ಕೆಂದು ತನ್ನ ಮನೆಯ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲದ ಬುಟ್ಟಿ ತಂದು ಇಟ್ಟು, ಮುಖ ಬಿಗಿದು ಕೂತಳು. ಮಹಾನಂದಾ ಗೋಡೆಯ ಮೇಲೆ ಚಿತ್ರ ತೋರಿಸುವ ಯಂತ್ರ ತಂದಿದ್ದಳು. ಗುಂಡಿ ಒತ್ತಿದಳು. ಚಿತ್ರ ಬಂತು. ಕರೆಂಟು ಹೋಯಿತು.

ಕಾದರು. ಬರಲಿಲ್ಲ. "ತೋರ್ಸಾಕ ಏನೂ ಇಲ್ಲಂದ್ರ ಏಳೂಣು ನಡೀರಿ" ಅಂದಳು ಬಂಗಾರೆವ್ವ.

ಕಾಶವ್ವ ದಡಬಡಿಸಿ ಎದ್ದಳು. ಏನು ಮಾಡುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ಬಂಗಾರೆವ್ವನ ಬುಟ್ಟಿಯನ್ನೇ ಎಳೆದು ಮಹಾನಂದಾಳ ಮುಂದೆ ಇಟ್ಟಳು. "ಇವು ಅದಾವಲ್ರೀ! ಇವುರಾಗ ತೋರ್ಸ್ರಿ! ರೊಟ್ಟಿ ಅಂದ್ರ ನಮಗ ತಿಳೀತೈತಿ!"

ಮಹಾನಂದಾ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಹಿಟ್ಟು ನಾದುವ ಅಗಲವಾದ ಪರಾತ ತರಿಸಿ ನಡುವೆ ಒಂದು ರೊಟ್ಟಿ ಇಟ್ಟಳು. "ಇದು ಸಂಘದ ಕಂಪ್ಯೂಟರು. ಮಲಕಪ್ಪನವರದು. ಸೀನಿದ್ರೂ ಆರ್ಡರ್ ಕಳಿಯಬಾರದು, ಹಂಗ ಮಾಡೀನಿ." ಬಾಜುವಿಗೆ ಇನ್ನೊಂದು ಇಟ್ಟಳು. "ಇದು ವೆಬ್‌ಸೈಟು. ಸಂಗಯ್ಯನವರು ಖಾನಾವಳಿಯಾಗ ಕೂತು ಇದರಾಗ ಆರ್ಡರ್ ಇಡ್ತಾರ." ಸುತ್ತಲೂ ರೊಟ್ಟಿ ಮುರಿದ ಚೂರುಗಳನ್ನು ಇಟ್ಟು, ಒಂದೊಂದರ ಮೇಲೂ ಶೇಂಗಾ ಚಟ್ನಿ ಹಚ್ಚಿದಳು. "ಇವು ನಿಮ್ಮ ಮೊಬೈಲು. ಚಟ್ನಿ ಯಾಕಂದ್ರ, ಇವು ಮಾತಾಡ್ತಾವ ಅನ್ನೂ ಗುರುತಿಗೆ."

ಒಂದು ಬೆಲ್ಲದ ಉಂಡೆ ತೆಗೆದುಕೊಂಡಳು. "ಇದು ಆರ್ಡರು." ಬೆಲ್ಲವನ್ನು ವೆಬ್‌ಸೈಟಿನಿಂದ ಕಂಪ್ಯೂಟರಿಗೆ ಸರಿಸಿದಳು, ಕಂಪ್ಯೂಟರಿನಿಂದ ಒಂದು ಮೊಬೈಲಿಗೆ ಸರಿಸಿದಳು. "ಈಗ ಮೊಬೈಲು ಅಂತೈತಿ: 'ಯವ್ವಾ, ನಾಳಿ ಹಾಸ್ಟೆಲ್ಲಿಗೆ ರೊಟ್ಟಿ ಬೇಕು, ಬಡೀತಿಯೇನು?' ನೀವು ಒಲಿ ಮುಂದ ಕೂತಲ್ಲಿಂದನ 'ಹ್ಞೂಂ' ಅಂದ್ರ ಮುಗೀತು. ಕೈ ಹಚ್ಚೂದು ಬ್ಯಾಡ. ಕೈ ಹಿಟ್ಟಾಗಿರತಾವಲ್ಲ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇದು ನಾವು ಹೇಳಿದ್ದಲ್ಲೇನ?"

"ನೀವ ಹೇಳಿದ್ದು" ಅಂದಳು ಮಹಾನಂದಾ. "ನಾ ಮೊದಲು ಬರೀ ಗುಂಡಿ ಬರದಿದ್ದೆ. ಒತ್ತೂ ಗುಂಡಿ, ಎಲ್ಲೆಲ್ಲೂ ಗುಂಡಿ. ಅದನ್ನ ಕಟ್ಟಿದ್ರ ನಿಮ್ಮ ಮೊಬೈಲು ಹಿಟ್ಟು ಹತ್ತಿ ಮೂಲಿಗೆ ಬೀಳತಿತ್ತು. ಶಿವಪುತ್ರ ಬಂದು ಒಂದ ಮಾತು ಒಪ್ಪಿಸಿದ. ಮನಿ ಮನೀದೂ ಅದ ಒಂದ ಮಾತು. ಕಾಶವ್ವಾರ, ನಿಮ್ಮ ಮಗನ ಉಪಕಾರ ನಾ ಮರೆಯಂಗಿಲ್ಲ."

ಕಾಶವ್ವನಿಗೆ ಕಿವಿ ನಂಬಲಾಗಲಿಲ್ಲ. ಮಗನ ಹೆಸರಿನ ಜೊತೆ ಉಪಕಾರ ಅನ್ನುವ ಮಾತು ಸೇರಿದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಕಣ್ಣು ಮಂಜಾಯಿತು.

ಬಂಗಾರೆವ್ವ ಮಾತ್ರ ಕರಗಲಿಲ್ಲ. "ಪ್ಲ್ಯಾನು ಚಲೋ ಐತಿ. ನಾ ಇಲ್ಲನ್ನಂಗಿಲ್ಲ. ಆದ್ರ ನನ್ನ ಮನೀ ಚಾ ಆಗಂಗಿಲ್ಲ ಅಂದಾವ ತಂದದ್ದನ್ನ ನಾ ಒಪ್ಪಂಗಿಲ್ಲ. ನನ್ನ ಮನೀ ನೀರು ಅವಗ ಹಿಡಸಂಗಿಲ್ಲಂದ್ರ, ಅವನ ಪ್ಲ್ಯಾನು ನನಗ ಹಿಡಸಂಗಿಲ್ಲ. ಮುಗೀತು!"

ಮಹಾನಂದಾ ಪರಾತವನ್ನು ಹಾಗೇ ಎತ್ತಿ ಶಿವಪುತ್ರನ ಕೈಗೆ ಕೊಟ್ಟು, "ಹಿಡಿಯಪಾ, ಹೋಗೂಣು" ಅಂದಳು. ಯಂತ್ರದ ವೈರು ಸುತ್ತತೊಡಗಿದಳು.

ಶಿವಪುತ್ರ ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಮೊದಲು ಕಂಪ್ಯೂಟರು ಎತ್ತಿದ. ಕಟುಂ! ಮುರಿದು ತಿಂದ. ಆಮೇಲೆ ವೆಬ್‌ಸೈಟು ಎತ್ತಿದ. ಕಟುಂ ಕಟುಂ! ಅದನ್ನೂ ತಿಂದ.

"ಅಯ್ಯಯ್ಯೋ ಪ್ಲ್ಯಾನೋ! ಪ್ಲ್ಯಾನು ತಿನ್ನಾಕತ್ತಾನ್ರೋ!" ಅಂತ ಮಲಕಪ್ಪ ಕೂಗಿದ.

ಶಿವಪುತ್ರ ತಲೆ ಎತ್ತಲಿಲ್ಲ. ಮೊಬೈಲುಗಳಿಗೆ ಕೈ ಹಾಕಿದ. ಒಂದೊಂದು ಮನೆಯ ಮೊಬೈಲೂ ಚಟ್ನಿ ಸಮೇತ ಬಾಯಿಗೆ ಹೋಯಿತು. ಕೊನೆಯ ತುಣುಕನ್ನು ಬೆರಳಿನಿಂದ ಒತ್ತಿ ತೆಗೆದು ತಿಂದ. ಬಂಗಾರೆವ್ವನ ಕಡೆ ತಿರುಗಿದ.

"ಚಲೋ ಆಗೇತ್ರೀ!" ಅಂದ. "ಮೊಬೈಲು ಚೂರು ಖಾರ ಆಗೇತ್ರೀ. ಆದ್ರೂ ಬಿಟ್ಟಿಲ್ರೀ."

ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಸಿದಳು. ಮುಗಿಯಿತು, ಸಂಘ ಮುಗಿಯಿತು, ಒಲೆ ಮುಗಿಯಿತು.

ಬಂಗಾರೆವ್ವ ಖಾಲಿ ಪರಾತ ನೋಡಿದಳು. ತನ್ನ ರೊಟ್ಟಿ. ತನ್ನ ಚಟ್ನಿ. ಒಂದು ಚೂರೂ ಉಳಿದಿರಲಿಲ್ಲ. ಇವನು ತನ್ನ ಮನೆಯದನ್ನು ಕಣ್ಣಿಗೆ ಒತ್ತಿಕೊಂಡು ತಿಂದಿದ್ದ, ಸಭೆಯೆಲ್ಲ ನೋಡಿತ್ತು. ಆಕೆಯ ತುಟಿ ನಡುಗಿತು. ಸಿಟ್ಟಿಗೆ ಅಂತ ಎಲ್ಲರೂ ತಿಳಿದರು. ನಗುವಿಗೆ ನಡುಗಿತ್ತು!

"ಖರೇ ಚಲೋ ಆಗೇತೇನೋ?"

"ಬಾಳ ಚಲೋ ಆಗೇತ್ರೀ!"

ಬಂಗಾರೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ನಕ್ಕ ಮೇಲೆ ಇನ್ನು ಯಾರು ಬಿಟ್ಟಾರು? ಸಂಗಯ್ಯ ನಕ್ಕ, ಮಲಕಪ್ಪ ನಕ್ಕು ಸೀನಿದ, ಮಹಾನಂದಾ ವೈರು ಕೈಬಿಟ್ಟು ನಕ್ಕಳು. "ನನ್ನ ರೊಟ್ಟಿ ಇಷ್ಟು ಮನಸಿಟ್ಟು ತಿಂದಾವನ ಮ್ಯಾಲ ಏನು ಸಿಟ್ಟು ಮಾಡ್ಲೇ ನಾ?" ಅಂದಳು ಬಂಗಾರೆವ್ವ ಕಣ್ಣೊರೆಸಿಕೊಳ್ಳುತ್ತ. "ಪ್ಲ್ಯಾನು ಹೊಟ್ಯಾಗ ಹೋದ್ರೇನಾತು, ನಮಗೆಲ್ಲಾ ತಿಳದೈತಿ. ಒಪ್ಪಿಗಿ ಐತಿ, ಕಟ್ರಿ! ಕಾಶವ್ವಾ, ಏಳ ತಂಗಿ. ನೀ ಎಲ್ಲಿಗೆ ಹೋಗ್ತೀ? ನಿನ್ನ ಮಗ ಇಲ್ಲಂದ್ರ ನಮ್ಮ ಹಿಟ್ಟಿನ ಕೈ ಯಾರು ನೋಡ್ತಿದ್ರು?"

ಕಾಶವ್ವ ಎದ್ದಳು. ಅಳುವೂ ಬಂತು, ನಗುವೂ ಬಂತು. ಬಂಗಾರೆವ್ವನ ಕೈ ಹಿಡಿದು ಹಣೆಗೆ ಹಚ್ಚಿಕೊಂಡಳು, ಮಹಾನಂದಾಗೆ ಕೈ ಮುಗಿದಳು, ಕರೆಂಟು ಹೋದ ಬಲ್ಬಿಗೂ ಒಂದು ಮುಗಿದಳು. ಇಷ್ಟು ಜನರ ಋಣ ಹೇಗೆ ತೀರಿಸಲಿ ಅಂತ ಅವಳ ಎದೆ ತುಂಬಿತ್ತು. ಆದರೆ ತಾಯಿಯಲ್ಲವೇ? ಮಗನಿಗೆ ಬುದ್ಧಿ ಹೇಳದೆ ಇರಲಾಗಲಿಲ್ಲ.

"ಮಂದಿ ಮುಂದ ಕೂತು ಒಬ್ಬಾವನ ತಿಂತಾರೇನೋ ಗುಡಾಣಾ! ಮೊದಲು ಬಾಜೂಕ ಇದ್ದವರ ಬಾಯಿಗೆ ಕೊಡಬೇಕು! ತಿಳೀ—"

ಪರಾತ ಎತ್ತುವಾಗ ಉರುಳಿದ ಬೆಲ್ಲದ ಉಂಡೆ ಬುಟ್ಟಿಯಲ್ಲಿ ಬಿದ್ದಿತ್ತು. ಶಿವಪುತ್ರ ಅದನ್ನು ಎತ್ತಿ, ತೆರೆದಿದ್ದ ಅವ್ವನ ಬಾಯಿಗೇ ಇಟ್ಟುಬಿಟ್ಟ.

"ತಿಳೀತವ್ವಾ" ಅಂದ. "ಇದು ಆರ್ಡರು. ಚೀಪು."

ಸಂಘದ ಆ್ಯಪು ಇನ್ನೂ ಹುಟ್ಟಿರಲಿಲ್ಲ. ಅದರ ಮೊದಲನೆಯ ಆರ್ಡರು ಆಗಲೇ ಕಾಶವ್ವನ ಬಾಯಲ್ಲಿ ಕರಗುತ್ತಿತ್ತು. ಬೈಯಬೇಕೆಂದರೆ ನಾಲಿಗೆ ಏಳಲಿಲ್ಲ, ಅಷ್ಟು ಸಿಹಿ.